ಕಾದ ಬಂಡೆ, ಒಳಕಲ್ಲಿನ ನೀರು

ಯುಗಾದಿ ಕಳೆದ ಮೊದಲ ಭಾನುವಾರ, 14 ಜನರ ನಡಿಗೆಯ ತಂಡ ಶಿವಗಂಗೆ ಬೆಟ್ಟದ ಬುಡದಲ್ಲಿ ಇಳಿದಾಗ ಬೆಳಗಿನ 6 ಗಂಟೆ. ಬೆಂಗಳೂರಿನಿಂದ ತುಮಕೂರು ಹೆದ್ದಾರಿ ಹಿಡಿದು ದಾಬಸ್‌ಪೇಟೆಯಲ್ಲಿ ತಿರುಗಿದರೆ ಮುಂದೆ ಏಳೆಂಟು ಕಿ.ಮೀ. ಈ ಕಾಲದಲ್ಲಿ 6 ಗಂಟೆಗಿಂತ ತಡ ಮಾಡಬಾರದು. ಬೆಟ್ಟದ ಬಹುಪಾಲು ಬೋಳು ಬಂಡೆ. ಒಂಬತ್ತರ ಹೊತ್ತಿಗೆ ಮೇಲಿನ ಬಿಸಿಲಿನ ಜೊತೆಗೆ ಕಲ್ಲಿನ ಕಾವೂ ಸೇರಿ ಬೆವರು ಇಮ್ಮಡಿಯಾಗುತ್ತದೆ. ತಲೆಗೆ 2 ಲೀಟರ್ ನೀರು, ಅರ್ಧ ಲೀಟರ್ ಉಪ್ಪು ಹಾಕಿದ ಮಜ್ಜಿಗೆ, ಒಂದು ಹಿಡಿ ಹುರಿಗಡಲೆ, ಬೆಲ್ಲ: ಇಷ್ಟಿದ್ದರೆ ಹತ್ತಿ ಇಳಿಯಲು ಸಾಕು.

ಕೆಳಗಿನ ದಾರಿ ಹಿತವಾಗಿತ್ತು. ಹೊಂಗೆ ಹೊಸ ಎಲೆ ಹೊತ್ತು ನಿಂತಿತ್ತು, ಅರಳಿಯ ಚಿಗುರು ತಾಮ್ರದ ಬಣ್ಣಕ್ಕಿತ್ತು, ಬೇವಿನ ಹೂ ಮೆಟ್ಟಿಲ ಮೇಲೆಲ್ಲ ಉದುರಿತ್ತು. ಗುಹೆಯೊಳಗಿನ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಭಕ್ತರ ನಂಬಿಕೆ. ದರ್ಶನ ಇಳಿದ ಮೇಲೆ ಮಾಡುವುದೇ ಲೇಸು. ಹತ್ತುವ ಮೊದಲು ಸಾಲಿನಲ್ಲಿ ನಿಂತರೆ ತಂಪಿನ ಹೊತ್ತು ಅಲ್ಲೇ ಕಳೆದುಹೋಗುತ್ತದೆ.

ತಂಡ ಬಹಳ ಹೊತ್ತು ನಿಂತದ್ದು ಒಳಕಲ್ ತೀರ್ಥದಲ್ಲಿ. ಬಂಡೆಗಳ ಸಂದಿನಲ್ಲಿ ಚಿಕ್ಕ ಗುಡಿ, ನೆಲದಲ್ಲಿ ಒರಳಿನ ಬಾಯಿಯಂಥ ಕುಳಿ. ಮಂಡಿಯೂರಿ, ಭುಜದವರೆಗೆ ಕೈ ಇಳಿಸಿ ನೀರು ತಡವಬೇಕು. ಪುಣ್ಯವಂತರಿಗೆ ಮಾತ್ರ ಸಿಗುತ್ತದೆಂಬ ಮಾತು ಊರಿಗೆಲ್ಲ ಗೊತ್ತು. ಸುತ್ತಲ ಹುಲ್ಲೆಲ್ಲ ಒಣಗಿ ನಿಂತ ಕಾಲದಲ್ಲಿ ಬೆರಳಿಗೆ ತಣ್ಣನೆಯ ನೀರು ತಾಗಿದಾಗ ಕೈ ಹಿಂದೆಗೆಯಲು ಮನಸ್ಸೇ ಬರುವುದಿಲ್ಲ. ಇಂಥ ಗಟ್ಟಿ ಕಲ್ಲು ನೀರನ್ನು ಹೀರಿಕೊಳ್ಳುವುದಿಲ್ಲ. ಮಳೆನೀರು ಬಿರುಕುಗಳಲ್ಲಿ ಇಳಿದು, ಬಿಸಿಲು ತಾಗದ ಕಡೆ ನಿಲ್ಲುತ್ತದೆ. ಕಾರಣ ತಿಳಿದಿದ್ದರೂ ಆ ತಂಪಿನ ಅಚ್ಚರಿ ಕಡಿಮೆಯಾಗುವುದಿಲ್ಲ.

ಅಲ್ಲಿಂದ ಸ್ವಲ್ಪ ಮೇಲೆ ಮಜ್ಜಿಗೆ, ಸೌತೆಕಾಯಿ ಮಾರುವ ಹೆಂಗಸು ಕೊಡ ಇಳಿಸುತ್ತಿದ್ದರು.

"ಅಕ್ಕಾ, ನೀರು ಇಲ್ಲೇ ಸಿಗುತ್ತಾ?"

"ಎಲ್ಲೈತೆ ಕಣಪ್ಪ! ಕೆಳಗಿಂದ ಹೊತ್ಕೊಂಡ್ ಬರ್ಬೇಕು. ಕೊಡ ಒಂದು ಸಲ, ಸೌತೆಕಾಯಿ ಚೀಲ ಇನ್ನೊಂದ್ ಸಲ."

"ದಿನಕ್ಕೆ ಎರಡು ಸಲ ಹತ್ತೋದಾ?"

"ಭಾನುವಾರ ಮೂರು. ಬಿಸ್ಲು ಜಾಸ್ತಿ ಆದ್ರೆ ಯಾಪಾರ ಚೆಂದಾಗಿರ್ತೈತೆ, ಕಾಲು ಮಾತ್ರ ಸುಡ್ತೈತೆ."

ಅವರ ಕಾಲಲ್ಲಿದ್ದದ್ದು ಸವೆದ ರಬ್ಬರ್ ಚಪ್ಪಲಿ. ಮೇಲಿನ ಒಂದು ಲೋಟ ಮಜ್ಜಿಗೆಗೆ ಚೌಕಾಸಿ ಮಾಡುವುದು ತಪ್ಪು.

ಮುಂದಿನದೇ ಕಡಿದಾದ ಭಾಗ. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಪಕ್ಕಕ್ಕೆ ಕಬ್ಬಿಣದ ಕಂಬಿ. ಮೆಟ್ಟಿಲ ಅಂಚು ಸಾವಿರಾರು ಪಾದ ತಾಗಿ ನುಣುಪಾಗಿದೆ. ಅದರ ಮೇಲಿನ ಸಣ್ಣ ಮರಳೇ ಜಾರಿಸುವುದು. ಅಟ್ಟೆ ಸವೆದ ಶೂ ಬೇಡ. ಹೊತ್ತೇರಿದ ಮೇಲೆ ಕಂಬಿ ಹಿಡಿಯಲಾಗದಷ್ಟು ಕಾಯುತ್ತದೆ, ಹತ್ತಿಯ ಕರ್ಚೀಫು ಕೈಯಲ್ಲಿರಲಿ. ಪ್ಲಾಸ್ಟಿಕ್ ಕವರ್ ಮಾತ್ರ ಖಂಡಿತ ಬೇಡ: ಅದರ ಸದ್ದೇ ಕೋತಿಗಳಿಗೆ ಕರೆಯೋಲೆ. ಆರು ಜನರ ಚಿತ್ರಾನ್ನ ಹಾಗೆಯೇ ಹೋಯಿತು. ಎಳೆದಾಡಲು ಹೋಗಿ ಒಬ್ಬರು ಕಂಬಿ ಬಿಟ್ಟರಲ್ಲ, ಅದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕೋತಿ ಹಿಡಿದದ್ದನ್ನು ಬಿಟ್ಟುಬಿಡಬೇಕು. ಊಟ ಜಿಪ್ ಇರುವ ಬೆನ್ನುಚೀಲದೊಳಗೆ, ಸ್ಟೀಲ್ ಡಬ್ಬಿಯಲ್ಲಿರಬೇಕು.

ಮೇಲಿನ ಕಲ್ಲಿನ ನಂದಿಯ ಸುತ್ತ ಜಾಗ ಇಕ್ಕಟ್ಟು. ಒಂದೇ ದಿಕ್ಕಿನಲ್ಲಿ, ಇಬ್ಬಿಬ್ಬರಂತೆ ಹೋಗಬೇಕು. ತುದಿಯ ಪ್ರಪಾತವನ್ನು ಶಾಂತಲಾ ಡ್ರಾಪ್ ಎನ್ನುತ್ತಾರೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಇಲ್ಲಿಂದ ಜಿಗಿದಳೆಂಬುದು ಜನರ ಬಾಯಿಮಾತು. ನಾಟ್ಯ ಬಲ್ಲವಳು, ಬೆಳಗೊಳದಲ್ಲಿ ಬಸದಿ ಕಟ್ಟಿಸಿದವಳು. ಅವಳ ಹೆಸರು ಬರೀ ಸೆಲ್ಫಿಯ ಅಂಚಾಗಿ ಉಳಿದಿರುವುದು ನೋವಿನ ವಿಷಯ.

ಇಳಿಜಾರಿನಲ್ಲಿ ಮಂಡಿಗೆ ಪೆಟ್ಟು ಹೆಚ್ಚು. ಪಾದ ಅಡ್ಡ ಇಟ್ಟು, ಮಂಡಿ ತುಸು ಬಗ್ಗಿಸಿ, ಕಂಬಿಯ ಕಡೆಗೇ ಇಳಿಯಬೇಕು. ಹತ್ತೂವರೆಗೆ ತಂಡವೆಲ್ಲ ಬುಡದ ಹೊಂಗೆಯ ನೆರಳಲ್ಲಿ ಸೇರಿತು. ಎದುರಿನಿಂದ ಮಜ್ಜಿಗೆಯ ಅಕ್ಕ ತುಂಬಿದ ಕೊಡ ಹೊತ್ತು ಮತ್ತೆ ಹತ್ತುತ್ತಿದ್ದರು.