ಕೆಮ್ಮಣ್ಣುಗುಂಡಿಯ ಕಲ್ಲು, ಬೆಂಕಿಪುರದ ಬೆಂಕಿ

ತರೀಕೆರೆಯಲ್ಲಿ ರೈಲು ಇಳಿದಾಗ ಇನ್ನೂ ಕತ್ತಲು. ಬಸ್ ಸ್ಟ್ಯಾಂಡಿನ ಎದುರು ಕಾಫಿ ಕುಡಿದು, ಒಂದು ಜೀಪು ಮಾತಾಡಿಕೊಂಡು ಹೊರಟೆ. ಲಿಂಗದಹಳ್ಳಿ ದಾಟುವ ಹೊತ್ತಿಗೆ ಬೆಳಕು ಹರಿಯಿತು. ಕಲ್ಲತ್ತಿಗಿರಿಯಲ್ಲಿ ವೀರಭದ್ರನಿಗೆ ಕೈಮುಗಿದು ಮುಂದೆ ಹೋದಾಗ ಡ್ರೈವರ್ ಕೇಳಿದ, "ಸಾರ್, ಮೊದಲು ಝಡ್ ಪಾಯಿಂಟಾ, ಹೆಬ್ಬೆ ಫಾಲ್ಸಾ?"

"ಎರಡೂ ಅಲ್ಲ. ಹಿಂದೆ ಅದಿರು ತೆಗೀತಿದ್ರಲ್ಲ, ಆ ಕಡೆ."

ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ. "ಅಲ್ಲೇನಿದೆ ಸಾರ್, ಬರೀ ಕೆಂಪು ಮಣ್ಣು."

ಊರಿನ ಹೆಸರೇ ಅದು. ಕೆಮ್ಮಣ್ಣಿನ ಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಗಿರಿಧಾಮ, ಗುಲಾಬಿ ತೋಟ, ಮಂಜು, ಎಲ್ಲವೂ ಇಲ್ಲಿದೆ. ಆದರೆ ನಾನು ಬಂದದ್ದು ಆ ಗುಂಡಿಗಾಗಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇಡೀ ಸರ್ವೀಸು ಕಳೆದ ನನ್ನ ಸೋದರಮಾವ ಯಾವಾಗಲೂ ಹೇಳುತ್ತಿದ್ದರು: "ಫ್ಯಾಕ್ಟರಿ ನೋಡಬೇಕು ಅಂದ್ರೆ ಮೊದಲು ಗುಡ್ಡ ಹತ್ತಿ ಬಾ." ನಲವತ್ತು ದಾಟಿದ ಮೇಲೆ ಆ ಮಾತು ಕೇಳಿದೆ.

ಗಣಿಗಾರಿಕೆ ನಿಂತು ವರ್ಷಗಳಾಗಿವೆ. ಹುಲ್ಲು, ಲಂಟಾನ ಬೆಳೆದುಕೊಂಡಿವೆ. ಆದರೂ ರಸ್ತೆ ಬದಿಯ ಧರೆ ಕುಸಿದ ಕಡೆಯೆಲ್ಲ ಗಾಯದ ಹಾಗೆ ಕೆಂಪು ಕಾಣುತ್ತದೆ. ಒಂದು ಕಲ್ಲು ಎತ್ತಿದೆ. ಅಂಗೈಯಷ್ಟೇ ಇತ್ತು, ಆದರೆ ಕೈ ತಾನಾಗಿ ಕೆಳಗಿಳಿಯಿತು. ಅಷ್ಟು ಭಾರ. ಪಕ್ಕದಲ್ಲೇ ಇನ್ನೊಂದು ಬೇರೆ ಜಾತಿಯದು: ಸೀರೆ ಅಂಚಿನ ಹಾಗೆ ಪಟ್ಟೆ ಪಟ್ಟೆ. ಒಂದು ಪಟ್ಟೆ ಕಡು ಕಪ್ಪು, ಮುಂದಿನದು ಬೂದು, ಮತ್ತೆ ಕಪ್ಪು. ಮೊಬೈಲ್ ಕವರಿನ ಆಯಸ್ಕಾಂತವನ್ನು ಹತ್ತಿರ ಹಿಡಿದೆ. ಕಪ್ಪು ಪಟ್ಟೆಗೆ ಟಪ್ ಅಂತ ಅಂಟಿಕೊಂಡಿತು. ಡ್ರೈವರ್‌ಗೆ ಈಗ ಸ್ವಲ್ಪ ಆಸಕ್ತಿ ಬಂತು. ತನ್ನ ಮೊಬೈಲನ್ನೂ ತಂದು ಪರೀಕ್ಷೆ ಮಾಡಿದ.

ಈ ಪಟ್ಟೆ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಅದರ ಕಪ್ಪು ಭಾಗ ಕಬ್ಬಿಣದ ಆಕ್ಸೈಡ್, ಬೂದು ಭಾಗ ಬರೀ ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು. ಇದರಲ್ಲಿ ಕಬ್ಬಿಣ ಇರುವುದು ಶೇ. 30ರಿಂದ 40, ಕುಲುಮೆಗೆ ಅದು ಸಾಲದು. ಗುಡ್ಡದ ನೆತ್ತಿಯಲ್ಲಿ ಮಾತ್ರ ಯುಗಯುಗಗಳ ಮಳೆ ಸಿಲಿಕಾವನ್ನು ತೊಳೆದು ಒಯ್ದು ಕಬ್ಬಿಣವನ್ನು ಬಿಟ್ಟು ಹೋಗಿದೆ. ನನ್ನ ಕೈ ಕೆಳಗಿಳಿಸಿದ ಆ ಮೊದಲ ಕಲ್ಲು ಅದು. ಅಕ್ಕಿ ಕೇರಿದ ಹಾಗೆ ಮಳೆಯೇ ಅದಿರನ್ನು ಕೇರಿ ಇಟ್ಟಿದೆ.

ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದದ್ದು 1894ರಲ್ಲಿ, ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಕೋಲಾರದ ರುಚಿ ಸಿಕ್ಕಿದ್ದರಿಂದ ಎಲ್ಲರ ಕಣ್ಣೂ ಚಿನ್ನದ ಮೇಲೇ ಇತ್ತು. ಆಮೇಲೆ ಬಂದ ಡಬ್ಲ್ಯು. ಎಫ್. ಸ್ಮೀತ್ ಮತ್ತು ಅವರ ಸಹೋದ್ಯೋಗಿ ಪಿ. ಸಂಪತ್ ಅಯ್ಯಂಗಾರ್ ಸೇರಿ 1916ರಲ್ಲಿ ಸಂಸ್ಥಾನದ ಖನಿಜ ಸಂಪತ್ತಿನ ಲೆಕ್ಕ ಒಪ್ಪಿಸಿದರು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತುವಾಗ ಒಂದು ಫಲಕ ಸಿಗುತ್ತದಲ್ಲ, 'ಪೆನಿನ್ಸುಲಾರ್ ನೈಸ್' ಅಂತ? ಆ ಹೆಸರು ಇದೇ ಸ್ಮೀತ್ ಇಟ್ಟದ್ದು. ಈ ಬಾಬಾಬುಡನ್ ಬೆಟ್ಟದಲ್ಲಿ ಸಿಕ್ಕ ಒಂದು ನೀಲಿ ಛಾಯೆಯ ಖನಿಜಕ್ಕೆ 1908ರಲ್ಲಿ ಬೆಟ್ಟದ ಹೆಸರನ್ನೇ ಇಟ್ಟು 'ಬಾಬಾಬುಡನೈಟ್' ಅಂದವರೂ ಅವರೇ. ಕಾಫಿ ತಂದ ಸಂತನ ಹೆಸರು ಒಂದು ಕಲ್ಲಿಗೂ ಹೋಗಿ ಸೇರಿತು.

ಸ್ಮೀತ್ ಒಂದು ವಿಷಯದಲ್ಲಿ ಹಟಮಾರಿ. ಭೂವಿಜ್ಞಾನಿಗಳು 'ಧಾರವಾಡ ಶಿಲೆ' ಅನ್ನುವ ಈ ಸೀಮೆಯ ಪುರಾತನ ಕಲ್ಲುಗಳಲ್ಲಿ ಹೆಚ್ಚಿನವು, ಈ ಪಟ್ಟೆ ಕಲ್ಲೂ ಸೇರಿ, ಬೆಂಕಿಯಿಂದ ಹುಟ್ಟಿದ ಅಗ್ನಿಶಿಲೆಗಳ ಬದಲಾದ ರೂಪ ಎಂದು ವಾದಿಸಿದರು. ಅದೇ ಇಲಾಖೆಯ ಬಿ. ರಾಮರಾವ್ 1930ರ ದಶಕದಲ್ಲಿ ಕ್ಷೇತ್ರಕಾರ್ಯ ಮಾಡಿ, ಇವುಗಳಲ್ಲಿ ಎಷ್ಟೋ ನೀರಿನ ತಳದಲ್ಲಿ ಪದರ ಪದರವಾಗಿ ಕೂತದ್ದು ಎಂದು ತೋರಿಸಿದರು. ಇವತ್ತು ಉಳಿದಿರುವುದು ರಾಮರಾವ್ ದಾರಿ. ಪಟ್ಟೆ ಕಲ್ಲು ಹಿಡಿದು ನಿಂತರೆ ನನ್ನಂಥ ದಡ್ಡನಿಗೂ ಅದು ಸಮುದ್ರದ ಕೆಸರಿನ ಹಾಗೇ ಕಾಣುತ್ತದೆ. ಆದರೆ ಉತ್ತರ ಗೊತ್ತಾದ ಮೇಲೆ ಹಾಗೆ ಕಾಣುವುದು ಸುಲಭ, ಅಲ್ವಾ?

ಆ ರಾತ್ರಿ ಉಳಿದ ರೂಮಿನಲ್ಲಿ ಗೀಸರ್ ಕೆಟ್ಟಿತ್ತು. ಬಕೆಟ್ ಬಿಸಿನೀರು ಕಳಿಸುತ್ತೇವೆ ಅಂದವರು ಬೆಳಗಿನವರೆಗೂ ಕಳಿಸಲಿಲ್ಲ. ಚಳಿಯಲ್ಲಿ ಮುದುರಿಕೊಂಡು, ರೂಮಿನ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಒರಟು ಅಂಚಿಗೆ ಭಾರದ ಕಲ್ಲನ್ನು ಉಜ್ಜಿದೆ. ಕಲ್ಲು ನೋಡಲು ಕಪ್ಪು, ಆದರೆ ಬಿದ್ದ ಗೆರೆ ಅಪ್ಪಟ ಕುಂಕುಮ. ಹೆಮಟೈಟ್ ಅನ್ನುವ ಕಬ್ಬಿಣದ ಅದಿರನ್ನು ಗುರುತು ಹಿಡಿಯುವ ಹಳೇ ಉಪಾಯ ಇದು. ಕಪ್ಪನ್ನು ತೊಳೆದಿಟ್ಟೆ. ಕಲ್ಲನ್ನು ಬೆಳಿಗ್ಗೆ ಎತ್ತಿದ ಜಾಗದಲ್ಲೇ ಇಟ್ಟು ಬಂದೆ.

ಅದಿರು ಗುಡ್ಡ ಇಳಿಯುತ್ತಿದ್ದದ್ದು ಹಗ್ಗದ ದಾರಿಯಲ್ಲಿ. ರೋಪ್‌ವೇ ತೊಟ್ಟಿಲುಗಳಲ್ಲಿ ತಣಿಗೇಬೈಲಿನವರೆಗೆ ತೇಲಿ ಬಂದು, ಅಲ್ಲಿಂದ ಪುಟ್ಟ ರೈಲಿನಲ್ಲಿ ಭದ್ರಾವತಿಗೆ. ನಾನು ಬಸ್ಸಿನಲ್ಲಿ ಇಳಿದೆ. ಭದ್ರಾವತಿ ತಲುಪಿದಾಗ ಮಧ್ಯಾಹ್ನ. ನ್ಯೂ ಟೌನಿನ ಮಾವನ ಮನೆಯಲ್ಲಿ ಅತ್ತೆ ನನ್ನ ಪ್ಯಾಂಟಿನ ಮಂಡಿ ನೋಡಿ, "ಈ ಬಣ್ಣ ಹೋಗಲ್ಲ ಕಣೋ. ಮೂವತ್ತು ವರ್ಷ ಒಗೆದಿದೀನಿ, ನಂಗೊತ್ತು" ಅಂದರು. ಬೀಡಿನ ಕಾವಲಿ ಮೇಲೆ ದೋಸೆ ಹಾಕಿಕೊಟ್ಟರು. ಆ ಕಾವಲಿ ಎತ್ತಲು ಎರಡು ಕೈ ಬೇಕು.

ಸಂಜೆ ಮಾವನ ಜೊತೆ ಓಲ್ಡ್ ಟೌನಿನ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿ, ಕಾರ್ಖಾನೆಯ ಕಾಂಪೌಂಡ್ ಗುಂಟ ನಡೆದೆವು. ಒಳಗೆ ಹೋಗಲಿಲ್ಲ. ಊದುಕುಲುಮೆ ತಣ್ಣಗಾಗಿ ವರ್ಷಗಳಾದವು. ಮಾವ ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ, ನಾನೂ ಕೆದಕಲಿಲ್ಲ.

"ಈ ಊರಿನ ಹಳೇ ಹೆಸರು ಬೆಂಕಿಪುರ," ಅಂದರು ಮಾವ. "ತಮಾಷೆ ನೋಡು. ಹೆಸರಿನಲ್ಲಿ ಬೆಂಕಿ, ಆದರೆ ಬೆಂಕಿ ಹಾಕೋಕೇ ಏನೂ ಇರ್ಲಿಲ್ಲ."

ಇಡೀ ಪ್ರವಾಸದ ಗಂಟು ಈ ಮಾತಿನಲ್ಲಿತ್ತು. ಗುಡ್ಡದಲ್ಲಿ ಕಲ್ಲಿಗೆ ಬರವಿಲ್ಲ, ಆದರೆ ಸಂಸ್ಥಾನದಲ್ಲಿ ಹಿಡಿ ಕಲ್ಲಿದ್ದಲೂ ಇಲ್ಲ. ಸಾಕ್ಚಿಯಲ್ಲಿ, ಅಂದರೆ ಇವತ್ತಿನ ಜಮ್‌ಶೆಡ್‌ಪುರದಲ್ಲಿ, ಟಾಟಾ ಕಾರ್ಖಾನೆ 1911ರಲ್ಲಿ ಕಬ್ಬಿಣ ಇಳಿಸಿತು, ಏಕೆಂದರೆ ಅವರಿಗೆ ಝರಿಯಾದ ಕಲ್ಲಿದ್ದಲು ಹತ್ತಿರ. ಮೈಸೂರಿಗೆ ಇದ್ದದ್ದು ಮಲೆನಾಡಿನ ಕಾಡು ಮಾತ್ರ. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1915-16ರಲ್ಲಿ ತನಿಖೆ ನಡೆಯಿತು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಕಂಪನಿ ಲೆಕ್ಕ ಹಾಕಿ ಹೇಳಿತು: ಇದ್ದಿಲಿನಿಂದ ಉರಿಯುವ ಸಣ್ಣ ಊದುಕುಲುಮೆ ಕಟ್ಟಿ. ಸೌದೆಯನ್ನು ಸುಮ್ನೆ ಸುಡಬೇಡಿ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಹೊಗೆಯನ್ನೂ ಹಿಡಿದು ಮಾರಿ.

ಇದ್ದಿಲಿಗೆ ಒಂದು ಗುಣ, ಒಂದು ದೋಷ. ಅದರಲ್ಲಿ ಗಂಧಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಕಬ್ಬಿಣ ಶುದ್ಧ. ಆದರೆ ಅದು ಮೆತ್ತಗೆ. ಕುಲುಮೆ ಎತ್ತರ ಮಾಡಿದರೆ ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟಿಬಿಡುತ್ತದೆ. ಹಾಗಾಗಿ ಕುಲುಮೆ ಗಿಡ್ಡ, ಉತ್ಪಾದನೆ ಕಡಿಮೆ. ಒಂದು ಟನ್ ಬೀಡಿಗೆ ಹೆಚ್ಚುಕಮ್ಮಿ ಒಂದು ಟನ್ ಇದ್ದಿಲು. ಅಷ್ಟು ಇದ್ದಿಲಿಗೆ ಮೂರ್ನಾಲ್ಕು ಟನ್ ಸೌದೆ. ಕಾಡು ಎಷ್ಟು ಹೋಗಿರಬೇಕು ಅಂತ ಯೋಚಿಸಿದರೆ ಎದೆ ಸ್ವಲ್ಪ ಧಸಕ್ಕೆನ್ನುತ್ತದೆ.

ಮರುದಿನ ಬೆಳಿಗ್ಗೆ ಹಿತ್ತಲಿನ ಬಚ್ಚಲಲ್ಲಿ ಮಾವ ಹಂಡೆ ಒಲೆಗೆ ಸೌದೆ ಒಡ್ಡುತ್ತಿದ್ದರು. ಮನೆಯಲ್ಲಿ ಗೀಸರ್ ಇದೆ, ಆದರೆ ಇವರಿಗೆ ಹಂಡೆ ನೀರೇ ಆಗಬೇಕು. ಸೌದೆ ಹಸಿ. ಹೊಗೆ ಮೂಗಿಗೆ ಚುರುಕ್ಕೆಂದಿತು.

"ಇಲ್ಲಿ ನೋಡು," ಅಂದರು. ಒಲೆಯಿಂದ ಹೊರಗಿದ್ದ ಕೊರಡಿನ ತುದಿಯಲ್ಲಿ ಕಂದು ಬಣ್ಣದ ನೀರು ಬುಸಬುಸ ನೊರೆ ಕಾರುತ್ತಿತ್ತು. "ಮೂಸು."

ಹುಳಿ ವಾಸನೆ. ವಿನಿಗರ್‌ನದೇ.

"ಅದೇ ಅಸಿಟಿಕ್ ಆಸಿಡ್. ಅದರ ಜೊತೆಗೆ ಮರದ ಸ್ಪಿರಿಟ್ಟು, ಮೆಥನಾಲ್. ಆಮೇಲೆ ಟಾರು. ಇದನ್ನೆಲ್ಲ ತಣ್ಣಗೆ ಮಾಡಿ ಹಿಡೀತಿದ್ರು. ಹುಳಿಗೆ ಸುಣ್ಣ ಸೇರಿಸಿದ್ರೆ ಅಸಿಟೇಟ್. ಅದರಿಂದ ಅಸಿಟೋನ್."

ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಡೈಟ್ ಮಾಡಲು ಅಸಿಟೋನಿಗೆ ಎಲ್ಲಿಲ್ಲದ ಬೇಡಿಕೆ. ಭದ್ರಾವತಿಯ ಯೋಜನೆ ಹುಟ್ಟಿದ್ದು ಆ ಬೆಲೆಗಳ ಕಾಲದಲ್ಲಿ. ಕುಲುಮೆಗೆ ಬೆಂಕಿ ಬಿದ್ದದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು, ಬೀಡಿನ ಬೆಲೆ ಬಿದ್ದಿತ್ತು. ಅದೇ 1923ರಲ್ಲಿ ಜರ್ಮನಿಯ ಲ್ಯೂನಾದಲ್ಲಿ ಬಿಎಎಸ್‌ಎಫ್ ಕಂಪನಿ ಮರದ ಚಕ್ಕೆಯೂ ಇಲ್ಲದೆ ಅನಿಲದಿಂದಲೇ ಮೆಥನಾಲ್ ಮಾಡತೊಡಗಿತು. ಅಸಿಟೋನನ್ನು ಪಿಷ್ಟ ಹುದುಗಿಸಿ ಮಾಡುವ ವಿಧಾನ ಯುದ್ಧದಲ್ಲೇ ಬಂದಿತ್ತು. ಹೊಗೆ ಮಾರಿ ಖರ್ಚು ತೂಗಿಸುವ ಲೆಕ್ಕ, ಕುಲುಮೆ ಹೊತ್ತಿಸಿದ ವರ್ಷವೇ ಹಳತಾಯಿತು. ಇದು ಯಾರ ತಪ್ಪೂ ಅಲ್ಲ ಅಂತ ನನ್ನ ಅನಿಸಿಕೆ. ನಷ್ಟದ ಕಾರ್ಖಾನೆಯನ್ನು ದಾರಿಗೆ ತರಲು ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಅದೇ ವರ್ಷ ಮತ್ತೆ ಕರೆದರು. 1929ರವರೆಗೆ ಮಂಡಳಿಯ ಅಧ್ಯಕ್ಷರಾಗಿದ್ದು ಆ ಕೆಲಸ ಮಾಡಿದರು.

"ಕರೆಂಟು ಇದ್ದಿದ್ರೆ?" ಅಂತ ಕೇಳಿದೆ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ 1910ರಲ್ಲೇ ವಿದ್ಯುತ್ತಿನಿಂದ ಅದಿರು ಕರಗಿಸುವ ಕುಲುಮೆ ಹಚ್ಚಿದ್ದರು. ಆಗ ಇದ್ದಿಲು ಬೇಕಾಗುವುದು ಅದಿರಿನ ಆಮ್ಲಜನಕ ಕೀಳಲು ಮಾತ್ರ, ಕಾಯಿಸಲು ಅಲ್ಲ.

"ಬಂತಲ್ಲ, ನಿಧಾನಕ್ಕೆ. ಜೋಗದ ಕರೆಂಟು 1948ಕ್ಕೆ ಬಂತು. ಆಮೇಲೆ ಇಲ್ಲೂ ಕರೆಂಟಿನ ಕುಲುಮೆ ಹಾಕಿದ್ರು. ನಮ್ಮಪ್ಪ ಹೇಳ್ತಿದ್ರು, ಮೊದಲ ದಿನ ಜನ ಶಬ್ದಕ್ಕೇ ಹೆದರಿ ಹಿಂದೆ ಸರಿದ್ರಂತೆ."

ಮಾವ ಇಕ್ಕಳದಿಂದ ನಿಗಿನಿಗಿ ಕೆಂಡಗಳನ್ನು ಒಂದೊಂದಾಗಿ ಹೊರಗೆಳೆದು, ಚೊಂಬಿನ ನೀರು ಚಿಮುಕಿಸಿದರು. ಚುಸ್ ಅಂದವು. ಕಪ್ಪಾದ ಇದ್ದಿಲನ್ನು ಹಳೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರು.

"ಯಾತಕ್ಕೆ ಮಾವ?"

"ನಿಮ್ಮತ್ತೆ ಇಸ್ತ್ರಿ ಪೆಟ್ಟಿಗೆಗೆ. ನೀರು ಕಾದಿದೆ, ಹೋಗು, ಸ್ನಾನ ಮಾಡು."