ದುಬೈಗೆ ಹೊರಟ ಮಾತ್ರೆಗಳು

14 ನವೆಂಬರ್ 2025, ಶುಕ್ರವಾರ
ಚಿಕ್ಕಬಳ್ಳಾಪುರ

ನಮ್ಮ ಮೇಷ್ಟ್ರು, ನಾವು ಅಮ್ಮ ಅನ್ನೋ ಅವರ ಹೆಂಡತಿ, ಇಬ್ಬರೂ ಮುಂದಿನ ತಿಂಗಳು ದುಬೈಗೆ, ಮಗಳ ಬಾಣಂತನಕ್ಕೆ. ‘ಎರಡು ತಿಂಗಳಿಗಾಗುವಷ್ಟು ಔಷಧಿ ಕಟ್ಟಿಕೊಡಪ್ಪ’ ಅಂತ ಬೆಳಿಗ್ಗೆ ನನ್ನ ಔಷಧಿ ಅಂಗಡಿಗೆ ಬಂದರು. ಅಳತೆಗಿರಲಿ ಅಂತ ಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ತಂದಿದ್ದರು. ಮುಚ್ಚಳ ತೆಗೆದರೆ ಬಿಳಿ, ಹಳದಿ, ತಿಳಿಗೆಂಪು ಬಿಡಿ ಮಾತ್ರೆಗಳು, ಜೊತೆಗೆ ಒಂದಿಷ್ಟು ಸ್ಟ್ರಿಪ್ಪಿನ ತುಂಡುಗಳು. ‘ಇದು ಬಿಪೀದು, ಇದು ಶುಗರ್‌ದು, ಇದು ಇವಳ ಮಂಡಿಗೆ.’

ಮನೆಯೊಳಗೆ ಇಷ್ಟು ಗುರುತು ಸಾಕು. ಕಸ್ಟಮ್ಸ್‌ನವನಿಗೆ ಬಣ್ಣ ಕಟ್ಟಿಕೊಂಡು ಏನಾಗಬೇಕು? ಅವನು ಕೇಳೋದು ಹೆಸರು.

ಮಂಡಿ ಮಾತ್ರೆಯ ತುಂಡನ್ನು ತಿರುಗಿಸಿ ನೋಡಿದೆ. ಬೆನ್ನ ಮೇಲೆ ಕೆಂಪು ಚೌಕ, ಅದರೊಳಗೆ ಎಚ್ಚರಿಕೆಯ ಸಣ್ಣಕ್ಷರ. ಅಂದರೆ ಶೆಡ್ಯೂಲ್ ಎಚ್1, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಒಂದು ಬಿಗಿ ಪಟ್ಟಿ. ಇಂಥ ಔಷಧಿ ಮಾರಿದಾಗಲೆಲ್ಲ ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆ ಅನ್ನೋದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. ಓದಿದರೆ ಟ್ರಮಡಾಲ್, ಅಫೀಮಿನ ಥರ ಕೆಲಸ ಮಾಡುವ ನೋವಿನ ಔಷಧಿ, ಜೊತೆಗೆ ಪ್ಯಾರಾಸಿಟಮಾಲ್. ಮೂಳೆ ಡಾಕ್ಟರು ನೋವು ಜಾಸ್ತಿ ಆದಾಗ ಮಾತ್ರ ಅಂತ ಬರೆದುಕೊಟ್ಟದ್ದು.

ಟ್ರಮಡಾಲನ್ನು ನಮ್ಮ ಸರ್ಕಾರವೇ 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯೊಳಗೆ, ಅಂದರೆ ಮಾದಕ ವಸ್ತುಗಳ ಕಾಯ್ದೆಯೊಳಗೆ, ತಂದಿದೆ. ದುಬೈ ಇರುವ ಯುಎಇಯಲ್ಲಂತೂ ಬಿಗಿ ಇನ್ನೂ ಜಾಸ್ತಿ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಮೊದಲೇ ಅನುಮತಿ ತಗೊಳ್ಳದೆ ಒಯ್ದರೆ ಅದು ಡ್ರಗ್ಸ್ ಕೇಸು, ಜೈಲಿಗೂ ಹೋಗಬಹುದು. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ‘ಏನಯ್ಯಾ, ಮಂಡಿನೋವಿನ ಮಾತ್ರೆಗೆ ಜೈಲೇ?’ ಕೆಂಪು ಚೌಕ ಇರೋದೆಲ್ಲ ಹೊರದೇಶದಲ್ಲಿ ಕೂಡದು ಅಂತಲ್ಲ. ಕೆಲವು ಆಂಟಿಬಯಾಟಿಕ್, ಟಿಬಿ ಮಾತ್ರೆಗಳ ಮೇಲೂ ಅದಿರುತ್ತೆ. ನಿದ್ದೆ ಮಾತ್ರೆ, ಗಾಬರಿಗೆ ಕೊಡುವ ಆಲ್ಪ್ರಜೋಲಾಮ್, ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು, ಇವುಗಳನ್ನು ಮಾತ್ರ ಹೋಗುವ ದೇಶದ ನಿಯಮ ನೋಡದೆ ಬ್ಯಾಗಿಗೆ ಹಾಕಲೇಬಾರದು. ಮೂಳೆ ಡಾಕ್ಟರ ಹತ್ತಿರ ಹೋಗಿ ಟ್ರಮಡಾಲ್ ಇಲ್ಲದ ಮಾತ್ರೆ ಬರೆಸಿಕೊಳ್ಳಿ, ಅರ್ಜಿಯ ತಾಪತ್ರಯವೇ ಬೇಡ ಅಂತ ಹೇಳಿದೆ.

ಅಮ್ಮ ಸುಮ್ಮನೆ ಕೇಳ್ತಿದ್ದವರು ‘ಹಂಗಾದ್ರೆ ಗಸಗಸೆ?’ ಅಂದರು. ಬಾಣಂತಿಗೆ ಪಾಯಸ ಮಾಡಿ ಹಾಕಬೇಕಂತೆ. ಅಫೀಮಿನ ಗಿಡದ ಬೀಜ ಅಲ್ಲವೇ ಅದು, ಯುಎಇಗೆ ತರುವ ಹಾಗೇ ಇಲ್ಲ. ಮಾತ್ರೆ ಬಿಟ್ಟಿದ್ದಕ್ಕಿಂತ ಅವರಿಗೆ ಇದೇ ದೊಡ್ಡ ಬೇಜಾರು.

ಆಮೇಲೆ ಡಾಕ್ಟರ ಚೀಟಿ ನೋಡಿದೆ. ಮೇಷ್ಟ್ರ ಹೆಸರಿನ ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಊರ ಹೆಸರು, ಅಪ್ಪನ ಹೆಸರು ಆಗಿ ಉದ್ದಕ್ಕೆ ನಿಂತಿವೆ. ಅಮ್ಮನ ಚೀಟಿಯಲ್ಲಂತೂ ಕರೆಯುವ ಹೆಸರು, ವಯಸ್ಸು, ಅಷ್ಟೇ. ನಮ್ಮ ಕಡೆ ಎಲ್ಲರ ಚೀಟಿಯೂ ಹೀಗೇ. ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿ, ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಹಾಕಿಸಿ, ಬ್ರ್ಯಾಂಡಿನ ಪಕ್ಕ ಜನರಿಕ್ ಹೆಸರು (ಒಳಗಿರುವ ಔಷಧಿಯ ಹೆಸರು), ಯಾವ ಕಾಯಿಲೆಗೆ, ದಿನಕ್ಕೆ ಎಷ್ಟು ಅಂತ ಬರೆಸಿ, ಡಾಕ್ಟರ ಸಹಿ, ಸೀಲು ಹಾಕಿಸಿಕೊಂಡು ಬನ್ನಿ ಅಂದೆ. ನಮ್ಮ ಗ್ಲೈಕೋಮೆಟ್ ಅಲ್ಲಿನವರಿಗೆ ಗೊತ್ತಿರಬೇಕಂತಿಲ್ಲ, ಮೆಟ್‌ಫಾರ್ಮಿನ್ ಅಂದರೆ ಯಾವ ಫಾರ್ಮಸಿಯವನಿಗೂ ಗೊತ್ತು.

ಸ್ಟ್ರಿಪ್ಪುಗಳನ್ನು ಇಡಿಯಾಗಿಯೇ ಕೊಡೋದು ಅಂತ ತೀರ್ಮಾನ. ಬ್ಯಾಚ್ ನಂಬರು, ಎಕ್ಸ್‌ಪೈರಿ ಒಂದು ತುದಿಯಲ್ಲಿ ಒತ್ತಿರುತ್ತಾರೆ. ಕತ್ತರಿ ಅಲ್ಲಿ ಆಡಿತೋ, ಉಳಿದ ತುಂಡಿಗೆ ದಿಕ್ಕಿಲ್ಲ. ನಮ್ಮ ಬಿಲ್ಲಿನಲ್ಲೂ ಬ್ಯಾಚ್ ನಂಬರ್ ಬರುತ್ತೆ, ಎರಡೂ ತಾಳೆಯಾಗಬೇಕು, ಅದಕ್ಕೇ ಬಿಲ್ಲು ಎಸೀಬೇಡಿ ಅಂದೆ.

ಮೇಷ್ಟ್ರ ಇನ್ಸುಲಿನ್ ಪೆನ್ನನ್ನು ದೊಡ್ಡ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ಬೆಚ್ಚಗೆ ಇಡೋದು ಅಮ್ಮನ ಯೋಚನೆ. ಲಗೇಜ್ ಇಡುವ ಕಡೆ ಚಳಿಗೆ ಅದು ಹೆಪ್ಪುಗಟ್ಟಬಹುದು. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ. ಸೂಟ್‌ಕೇಸು ದಾರಿತಪ್ಪಿ ಬೇರೆ ಊರಿಗೆ ಹೋದರೆ ಅದು ಬೇರೆ ಕಥೆ. ಪೆನ್ನು, ಸೂಜಿ, ಮಾತ್ರೆ, ಡಾಕ್ಟರ ಕಾಗದ ಎಲ್ಲ ಕೈಚೀಲದಲ್ಲೇ ಇರಲಿ. ತಂಪಿನ ಜೆಲ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಇಡಬೇಕು, ಪೆನ್ನಿಗೆ ನೇರ ತಾಗಬಾರದು.

ಹೊರಡುವಾಗ ಮಗಳ ಪಕ್ಕದ ಫ್ಲಾಟಿನವರೂ ನಾಲ್ಕು ಸ್ಟ್ರಿಪ್ ತರೋಕೆ ಹೇಳಿದ್ದಾರೆ ಅಂತ ಮೇಷ್ಟ್ರು ಮೆಲ್ಲಗೆ ಬಾಯಿಬಿಟ್ಟರು. ಯಾವ ಮಾತ್ರೆ ಅಂತ ಅವರಿಗೇ ಗೊತ್ತಿಲ್ಲ, ವಾಟ್ಸ್ಯಾಪಿನಲ್ಲಿ ಫೋಟೋ ಇದೆಯಂತೆ. ಫೋಟೋ ನೋಡೋಕೂ ಹೋಗಲಿಲ್ಲ ನಾನು. ಪರರ ಔಷಧಿ ನಿಮ್ಮ ಚೀಲದಲ್ಲಿ ಸಿಕ್ಕರೆ ಉತ್ತರ ಕೊಡೋರು ನೀವು. ದಾಕ್ಷಿಣ್ಯದ ಮನುಷ್ಯ ಮೇಷ್ಟ್ರು, ಬೇಕಾದರೆ ನನ್ನ ಮೇಲೆ ಹಾಕಿ ಹೇಳಿ ಅಂದೆ.

ಸಂಜೆ ಜಪಾನಿಗೆ ಕೆಲಸಕ್ಕೆ ಹೊರಟ ನಮ್ಮ ಬೀದಿಯ ಹುಡುಗ ಬಂದ. ಥೈರಾಯ್ಡ್ ಮಾತ್ರೆ ಆರು ತಿಂಗಳಿಗೆ, ಶೀತದ ಮಾತ್ರೆ ಒಂದಿಷ್ಟು. ಚೀಟಿಯ ಔಷಧಿ ಒಂದು ತಿಂಗಳಿಗಿಂತ ಜಾಸ್ತಿ ಒಯ್ಯೋದಾದರೆ ಜಪಾನಿನವರು ಮೊದಲೇ ‘ಯುನ್ಯು ಕಕುನಿನ್ ಶೋ’ ಅನ್ನುವ ಪ್ರಮಾಣಪತ್ರ ಕೇಳ್ತಾರೆ. ಮೂಗು ಕಟ್ಟಿದ್ದಕ್ಕೆ ಹಾಕುವ ಸೂಡೋಎಫೆಡ್ರಿನ್ ಶೇ 10 ಮೀರಿದ ಶೀತದ ಮಾತ್ರೆಯನ್ನಂತೂ ಒಳಗೇ ಬಿಡಲ್ಲ. ಕೌಂಟರಿಗೆ ಒರಗಿಕೊಂಡೇ ಮೊಬೈಲಿನಲ್ಲಿ ಎಲ್ಲ ಹುಡುಕಿ ನೋಡಿದ. ಥೈರಾಯ್ಡ್ ಮಾತ್ರೆ ಸದ್ಯಕ್ಕೆ ಒಂದು ತಿಂಗಳದ್ದು ಸಾಕು, ಮಿಕ್ಕಿದ್ದು ಅಲ್ಲೇ ಡಾಕ್ಟರಿಗೆ ತೋರಿಸ್ತೀನಿ ಅಂದ. ಶೀತದ ಮಾತ್ರೆ ವಾಪಸ್ ಕೊಟ್ಟ.