ಲ ಕ್ರೊಜೊ ಇಕೊಮ್ಯೂಸಿಯಂ: ಭಾನುವಾರ ಮಾತ್ರ ಹೋಗಬೇಡಿ

ಲ ಕ್ರೊಜೊ ಫ್ರಾನ್ಸ್‌ನ ಹಳೇ ಉಕ್ಕಿನ ಊರು. ಅತಿವೇಗದ ರೈಲು ಟಿಜಿವಿಯ ಟಿಕೆಟ್ಟಿನಲ್ಲಿ ಲ ಕ್ರೊಜೊ ಅಂತ ಇದ್ದರೂ ಅದು ನಿಮ್ಮನ್ನು ಊರೊಳಗೆ ಇಳಿಸುವುದಿಲ್ಲ. ಪ್ಯಾರಿಸ್‌ನಿಂದ ಒಂದೂವರೆ ಗಂಟೆಯೊಳಗೆ ಬಂದು ಮುಟ್ಟುತ್ತೀರಿ, ನಿಜ. ಆದರೆ 1981ರಲ್ಲಿ ಈ ವೇಗದ ಮಾರ್ಗ ಶುರುವಾದಾಗ ನಿಲ್ದಾಣವನ್ನು ಹೊಲಗಳ ನಡುವೆ ಕಟ್ಟಿದರು. ಊರು ಅಲ್ಲಿಂದ ಏಳೆಂಟು ಕಿಲೋಮೀಟರ್. ನಾನು ಇಳಿದದ್ದು ಭಾನುವಾರ, ಬಸ್ಸೇ ಇರಲಿಲ್ಲ. ಹೊರಗೆ ನಿಂತಿದ್ದ ಒಂದೇ ಒಂದು ಟ್ಯಾಕ್ಸಿಯವನು ಮೀಟರ್ ಹಾಕದೆ 40 ಯೂರೊ ಕಿತ್ತುಕೊಂಡ. ರಸೀದಿ ಕೇಳಿದರೂ ಕೊಡಲಿಲ್ಲ. ಹಗಲುದರೋಡೆ ಅಲ್ವಾ ಇದು? ನೀವು ದಿಜೋಂ ನಗರಕ್ಕೆ ಬಂದು ಅಲ್ಲಿಂದ ಟಿಇಆರ್ ಲೋಕಲ್ ರೈಲು ಹಿಡಿಯಿರಿ. ಸ್ವಲ್ಪ ನಿಧಾನ, ಆದರೆ ಊರೊಳಗಿನ ನಿಲ್ದಾಣಕ್ಕೇ ತಂದು ಬಿಡುತ್ತದೆ.

ಎರಡನೆಯ ಮಾತು. ಇಕೊಮ್ಯೂಸಿಯಂ ಅಂದರೆ ಒಂದು ಕಟ್ಟಡ ನೋಡಿ ಮುಗಿಸಿಬಿಡುವ ಮ್ಯೂಸಿಯಂ ಅಲ್ಲ. ಯೂಗ್ ದ ವರೀನ್, ಜಾರ್ಜ್ ಅನ್ರಿ ರಿವಿಯೇರ್ ಮುಂತಾದ ಮ್ಯೂಸಿಯಂ ತಜ್ಞರು 1970ರ ದಶಕದ ಆರಂಭದಲ್ಲಿ ರೂಪಿಸಿದ ಯೋಚನೆಯೇ ಬೇರೆ. ಕಾರ್ಖಾನೆ, ಗಣಿ, ಕಾಲುವೆ, ಶಾಲೆ, ಜನರ ಮನೆಯ ವಸ್ತು, ನೆನಪು ಎಲ್ಲ ಸೇರಿ ಇಡೀ ಪ್ರದೇಶವೇ ಮ್ಯೂಸಿಯಂ. ಅದನ್ನು ನಡೆಸುವುದರಲ್ಲಿ ಅಲ್ಲಿನ ಜನರಿಗೂ ಪಾಲು. ಹಾಗಾಗಿ ನೋಡುವ ಜಾಗಗಳು ದೂರದೂರ ಹರಡಿಕೊಂಡಿವೆ. ಲ ಕ್ರೊಜೊದಿಂದ ಮೋಂಸೊ ಊರಿಗೇ ಹದಿನೈದಿಪ್ಪತ್ತು ಕಿಲೋಮೀಟರ್. ಬಾಡಿಗೆ ಕಾರು ಸಿಕ್ಕರೆ ತಗೊಳ್ಳಿ.

ಎಲ್ಲರೂ ಮೊದಲು ಹೋಗುವುದು ವೆರರಿ ಅರಮನೆಗೆ. ಗಾಜಿನ ಕಾರ್ಖಾನೆಯಾಗಿದ್ದ ಜಾಗ ಅದು. ಆಮೇಲೆ ಉಕ್ಕಿನ ಕಾರ್ಖಾನೆಯ ಒಡೆಯರಾದ ಶ್ನೈಡರ್ ಕುಟುಂಬದ ಮನೆಯಾಯಿತು. ಅಂಗಳದ ಎರಡು ಶಂಕುವಿನಾಕಾರದ ಗಾಜಿನ ಕುಲುಮೆಗಳಲ್ಲಿ ಒಂದರೊಳಗೆ ಪುಟ್ಟ ನಾಟಕಶಾಲೆ ಇದೆ. ಚೆನ್ನಾಗಿದೆ, ಆದರೆ ಅರ್ಧ ದಿನಕ್ಕಿಂತ ಜಾಸ್ತಿ ಬೇಡ. ಊರ ಬಾಗಿಲಲ್ಲಿ ನಿಲ್ಲಿಸಿರುವ 1877ರ ನೂರು ಟನ್ನಿನ ಆವಿ ಸುತ್ತಿಗೆಯನ್ನು (ಲೋಹ ಬಡಿಯಲು ಆವಿಯಿಂದ ನಡೆಯುತ್ತಿದ್ದ ದೈತ್ಯ ಯಂತ್ರ) ದಾರಿಯಲ್ಲೇ ನೋಡಬಹುದು. 1984ರಲ್ಲಿ ಇಲ್ಲಿನ ಉಕ್ಕಿನ ಕಂಪನಿ ಕ್ರೊಜೊ-ಲುವಾರ್ ದಿವಾಳಿಯಾದರೂ ಊರು ಸತ್ತಿಲ್ಲ. ಟಿಜಿವಿ ರೈಲಿನ ಚಕ್ರ ಕೂರಿಸುವ ಚೌಕಟ್ಟುಗಳು ಇಂದಿಗೂ ಇಲ್ಲೇ ತಯಾರಾಗುತ್ತವೆ.

ನನ್ನ ಮನಸ್ಸು ಗೆದ್ದದ್ದು ಹತ್ತಿರದ ಎಕ್ವೀಸ್ ಊರಿನ ವಿಲ್ಲಾ ಪೆರುಸೋಂ. ಸೆರಾಮಿಕ್ ಕಾರ್ಖಾನೆ ಮಾಲೀಕರ ಮನೆ. ಗೋಡೆ ತುಂಬ ಹೊಳೆಯುವ ಬಣ್ಣಬಣ್ಣದ ಹೆಂಚು, ಹೂವಿನ ಬಿಲ್ಲೆ, ಪಟ್ಟಿ. ಕಾರ್ಖಾನೆ ಏನೇನು ಮಾಡುತ್ತಿತ್ತು ಅನ್ನುವುದು ಆ ಗೋಡೆ ನೋಡಿದರೆ ಗೊತ್ತಾಗುತ್ತದೆ. ಪಕ್ಕದಲ್ಲೇ ಸಾಂತ್ರ್ ಕಾಲುವೆ. ದಡದಲ್ಲಿ ಸುಮ್ನೆ ನಡೆಯಿರಿ, ಜನಜಂಗುಳಿಯೇ ಇಲ್ಲ. ಗಲಾಟೆ ಸಹಿಸದ ನನಗೆ ಇದಕ್ಕಿಂತ ಬೇರೆ ಬೇಕಿರಲಿಲ್ಲ.

ಮೋಂಸೊ ಪಕ್ಕದ ಬ್ಲಾಂಜಿ ಊರಿನ ಕಲ್ಲಿದ್ದಲು ಗಣಿ ಮ್ಯೂಸಿಯಂ ಬಿಡಬೇಡಿ. ಅದನ್ನು ಊರವರ ಸಂಘ ನಡೆಸುತ್ತದೆ. ನಮ್ಮನ್ನು ಸುರಂಗದೊಳಗೆ ಕರೆದುಕೊಂಡು ಹೋದವರು ಹಳೇ ಗಣಿ ಕೆಲಸಗಾರರು. ನನಗೆ ಫ್ರೆಂಚ್ ಅಷ್ಟಕ್ಕಷ್ಟೇ ಅಂತ ತಿಳಿದು ಆ ಹಿರಿಯರು ದೀಪ ಹಿಡಿಯುವುದು, ಮರದ ಆಸರೆ ತಟ್ಟಿ ಸದ್ದು ಕೇಳುವುದು ಎಲ್ಲ ಕೈಯಲ್ಲೇ ಮಾಡಿ ತೋರಿಸಿದರು. ಇಂಥವರು ಇಲ್ಲದಿದ್ದರೆ ಅಲ್ಲಿ ಉಳಿಯುವುದು ಬರೀ ಕಬ್ಬಿಣ.

ಊಟಕ್ಕೆ ಮೋಂಸೊದಲ್ಲಿ ಕಾಲುವೆ ಹತ್ತಿರದ ಸಣ್ಣ ಹೋಟೆಲುಗಳಿಗೇ ಹೋಗಿ. ಕೆಲಸದ ಬಟ್ಟೆಯಲ್ಲೇ ಜನ ಕೂತು ಉಣ್ಣುತ್ತಿರುವ ಜಾಗ ಹುಡುಕಿ. ಬಾಗಿಲ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಊಟ ಬರೆದಿರುತ್ತಾರೆ. ಮಾಂಸ ತಿನ್ನುವವರಿಗೆ ಈ ಸೀಮೆಯ ಶರೊಲೆ ದನದ ಮಾಂಸ ಹೆಸರುವಾಸಿ. ನಾನು ಮೊಟ್ಟೆ ತಿನ್ನುವ ಸಸ್ಯಾಹಾರಿ ಅಂತ ಹೇಳಿದ್ದಕ್ಕೆ ಅಡುಗೆಯಾಕೆ ಗಿಣ್ಣಿನ ಆಮ್ಲೆಟ್, ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆ, ಒಂದು ಬುಟ್ಟಿ ಸೊಪ್ಪು ತಂದಿಟ್ಟರು. ಬ್ರೆಡ್ ಮುಗಿದರೆ ಕೇಳದೇ ಮತ್ತೆ ತರುತ್ತಾರೆ. ಹೂಜಿಯ ನೀರಿಗೆ ಕಾಸಿಲ್ಲ. ಕೊನೆಗೆ ಕೆನೆ ಹಾಕಿದ ಗಟ್ಟಿ ಮೊಸರಿನಂಥದ್ದು. ಎಲ್ಲ ಸೇರಿ 14 ಯೂರೊ, ಸಂಜೆವರೆಗೂ ಹಸಿವಾಗಲಿಲ್ಲ. ಒಂದೂವರೆ ದಾಟಿದ ಮೇಲೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ಹನ್ನೆರಡಕ್ಕೇ ಕೂತುಬಿಡಿ.

ಚಳಿಗಾಲದಲ್ಲಿ ಹಲವು ಜಾಗಗಳು ಬಾಗಿಲು ಹಾಕಿರುತ್ತವೆ, ಕೆಲವು ಮಧ್ಯಾಹ್ನ ಮಾತ್ರ ತೆರೆಯುತ್ತವೆ. ಮೇನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಹೊರಡುವ ಮುಂಚೆ ಯಾವುದು ಯಾವ ದಿನ ತೆರೆದಿದೆ ಅಂತ ಇಮೇಲ್ ಹಾಕಿ ಕೇಳಿಕೊಳ್ಳಿ.